ಮಳೆಗಾಲದ ಘಾಟಿಯಲ್ಲಿ 4ಎಚ್ ಹಾಕಿಕೊಂಡೇ ಇಳಿಯಬೇಕೇ?

ಪ್ರಶ್ನೆ: ನಮ್ಮಲ್ಲಿ ಫೋರ್ ವೀಲ್ ಡ್ರೈವ್ ಇರುವ ಜಿಮ್ನಿ ಇದೆ. ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿಯುವಾಗ ಉದ್ದಕ್ಕೂ 4ಎಚ್ (ನಾಲ್ಕೂ ಚಕ್ರಗಳಿಗೆ ಎಂಜಿನ್ ಶಕ್ತಿ ಹೋಗುವ ಸ್ಥಿತಿ) ಹಾಕಿಕೊಂಡಿದ್ದರೆ ಹೆಚ್ಚು ಸುರಕ್ಷಿತವಲ್ಲವೇ?

ಉತ್ತರ: ಅಲ್ಲ. ರಸ್ತೆಗೆ ಡಾಂಬರು ಇದೆ, ಅದರ ಮೇಲೆ ಕೆಸರು ಹರಡಿಲ್ಲ ಎಂದಾದರೆ ಘಾಟಿಯನ್ನು 2ಎಚ್‌ನಲ್ಲೇ, ಅಂದರೆ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಶಕ್ತಿ ಹೋಗುವ ಸ್ಥಿತಿಯಲ್ಲೇ ಇಳಿಯಬೇಕು.

ಜಿಮ್ನಿ, ಥಾರ್, ಹಳೆಯ ಜಿಪ್ಸಿಗಳಲ್ಲಿರುವುದು ಪಾರ್ಟ್ ಟೈಮ್, ಅಂದರೆ ಬೇಕಾದಾಗ ಮಾತ್ರ ಹಾಕಿಕೊಳ್ಳುವ, ಫೋರ್ ವೀಲ್ ಡ್ರೈವ್. 4ಎಚ್ ಹಾಕಿದೊಡನೆ, ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್ ಮುಂದಿನ ಮತ್ತು ಹಿಂದಿನ ಶಾಫ್ಟ್‌ಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ನಡುವೆ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು ಜೋಡಣೆ (ಡಿಫರೆನ್ಷಿಯಲ್) ಇಲ್ಲದ ಕಾರಣ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಯಾವಾಗಲೂ ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ. ಜಿಮ್ನಿಯ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ) 2.59 ಮೀಟರ್, ತಿರುಗುವ ತ್ರಿಜ್ಯ 5.7 ಮೀಟರ್ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಅರ್ಧ ವೃತ್ತ ಹೊಡೆಯುವಷ್ಟರಲ್ಲಿ ಮುಂದಿನ ಚಕ್ರಗಳು ಸರಾಸರಿ ಸುಮಾರು 2 ಮೀಟರ್ ಹೆಚ್ಚು ದೂರ ಕ್ರಮಿಸಿರುತ್ತವೆ. ಕೆಸರಿನಲ್ಲಿಯಾದರೆ ಟೈರು ಜಾರಿ ಈ ವ್ಯತ್ಯಾಸ ತಾನಾಗಿ ಕರಗುತ್ತದೆ. ಗಟ್ಟಿ ರಸ್ತೆಯಲ್ಲಿ ಜಾರಲು ಎಡೆಯಿಲ್ಲದೆ ಅದು ಶಾಫ್ಟು, ಗೇರುಗಳಲ್ಲಿ ತಿರುಚಾಗಿ ಕೂತುಬಿಡುತ್ತದೆ: ಸ್ಟಿಯರಿಂಗ್ ಬಿಗಿಯಾಗುತ್ತದೆ, ಯಾರೋ ಬ್ರೇಕ್ ಒತ್ತಿದಂತೆ ವಾಹನ ತಡವರಿಸುತ್ತದೆ, ಕೊನೆಗೆ ಲಿವರ್ ಕೂಡ 2ಎಚ್‌ಗೆ ಮರಳಲು ಮೊಂಡು ಹಿಡಿಯುತ್ತದೆ.

ಒದ್ದೆ ಡಾಂಬರು ಇವೆರಡರ ನಡುವಿನದು, ನನ್ನ ದೃಷ್ಟಿಯಲ್ಲಿ ಹೆಚ್ಚು ಮೋಸದ್ದೂ ಹೌದು. ಅಲ್ಲಿ ತಿರುಚು ಆಗಾಗ ಬಿಡುಗಡೆಯಾಗುವುದು ನಿಜ, ಆದರೆ ಅದು ಟೈರು ಜಾರುವುದರಿಂದಲೇ ಬಿಡುಗಡೆಯಾಗುವುದು. ಹೇರ್‌ಪಿನ್ ತಿರುವಿನ ನಡುವೆ ವಾಹನವನ್ನು ಹಾದಿಯಲ್ಲಿ ಹಿಡಿದಿಡಬೇಕಾದ ಹಿಡಿತವನ್ನೇ ಅದು ಕದಿಯುತ್ತದೆ.

ಇನ್ನು ಬ್ರೇಕಿನ ವಿಷಯ. ಎಲ್ಲ ಕಾರುಗಳಿಗೂ ನಾಲ್ಕು ಚಕ್ರಗಳಲ್ಲಿ ಬ್ರೇಕ್ ಇದ್ದೇ ಇರುತ್ತದೆ. ಫೋರ್ ವೀಲ್ ಡ್ರೈವ್ ಹೊರಡಲು ನೆರವಾಗುತ್ತದೆಯೇ ಹೊರತು ನಿಲ್ಲಲು ಅಲ್ಲ. ಒದ್ದೆ ರಸ್ತೆಯಲ್ಲಿ ಎಷ್ಟು ದೂರದಲ್ಲಿ ನಿಲ್ಲುತ್ತೀರಿ ಎಂಬುದನ್ನು ತೀರ್ಮಾನಿಸುವುದು ನಿಮ್ಮ ವೇಗ, ಟೈರಿನ ಗೀರುಗಳ ಆಳ ಮತ್ತು ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ವ್ಯವಸ್ಥೆ). 4ಎಚ್ ದೀಪ ಉರಿಯುತ್ತಿದೆ ಎಂಬ ಧೈರ್ಯದಲ್ಲಿ ಮುಂದಿನ ಬಸ್ಸಿಗೆ ಹತ್ತಿರವಾಗುವವರನ್ನು ಘಾಟಿಗಳಲ್ಲಿ ಬೇಕಾದಷ್ಟು ಕಾಣಬಹುದು.

ಹಾಗಾದರೆ ಅದು ಇರುವುದು ಯಾತಕ್ಕೆ? ಮಡಿಕೇರಿ ಸಮೀಪದ ಮಾಂದಲಪಟ್ಟಿಯಂಥ ಕಲ್ಲುಮಣ್ಣಿನ ಏರು, ಕಾಫಿ ತೋಟದೊಳಗಿನ ಕೆಮ್ಮಣ್ಣಿನ ದಾರಿ, ಮಣ್ಣು ಕುಸಿದು ರಸ್ತೆಯ ಮೇಲೆ ಕೆಸರಾಗಿ ಹರಡಿದ ಜಾಗ: ಇವು 4ಎಚ್‌ನ ಸ್ಥಳಗಳು. ಸಿಕ್ಕಿಬಿದ್ದ ಮೇಲೆ ಹಾಕುವುದಲ್ಲ, ಕೆಸರಿಗೆ ಇಳಿಯುವ ಮುಂಚೆಯೇ, ಸ್ಟಿಯರಿಂಗ್ ನೇರವಾಗಿದ್ದು ಯಾವ ಚಕ್ರವೂ ಗಿರಗಿರ ಸುತ್ತದಿರುವಾಗ ಹಾಕಬೇಕು.

ಕಡಿದಾದ ಜಾರು ಮಣ್ಣಿನ ಇಳಿಜಾರಿಗೆ 4ಎಲ್ (ನಾಲ್ಕೂ ಚಕ್ರಗಳು ನಿಧಾನದ ಗೇರಿನಲ್ಲಿ ತಿರುಗುವ ಸ್ಥಿತಿ) ಉತ್ತಮ. ವಾಹನವನ್ನು ಪೂರ್ತಿ ನಿಲ್ಲಿಸಿ, ಮ್ಯಾನ್ಯುಯಲ್ ಆದರೆ ಕ್ಲಚ್ ಒತ್ತಿ, ಆಟೊಮ್ಯಾಟಿಕ್ ಆದರೆ ನ್ಯೂಟ್ರಲ್‌ಗೆ ತಂದು 4ಎಲ್‌ಗೆ ಹಾಕಿ, ಮೊದಲ ಗೇರಿನಲ್ಲಿ ಇಳಿಯಿರಿ. ಜಿಮ್ನಿಯ 4ಎಲ್ ಗೇರ್ ಅನುಪಾತವನ್ನು ಸುಮಾರು ಇಮ್ಮಡಿಯಾಗಿಸುವುದರಿಂದ ಎಂಜಿನ್ನೇ ವಾಹನವನ್ನು ತಡೆದು ಹಿಡಿಯುತ್ತದೆ, ಆ ತಡೆ ನಾಲ್ಕೂ ಚಕ್ರಗಳಿಗೆ ಹಂಚಿಹೋಗುತ್ತದೆ. ಮಧ್ಯದಲ್ಲಿ ಕ್ಲಚ್ ಒತ್ತಿದಿರೋ, ಆ ಹಿಡಿತವೆಲ್ಲ ಒಮ್ಮೆಲೇ ಹೋಯಿತು.

ಹರಿಯುವ ನೀರಿಗೆ ಈ ಯಾವ ಲೆಕ್ಕವೂ ಅನ್ವಯಿಸುವುದಿಲ್ಲ. ಎರಡಡಿ ರಭಸದ ನೀರು ದೊಡ್ಡ ಎಸ್‌ಯುವಿಯನ್ನೂ ಎತ್ತಿ ಒಯ್ಯಬಲ್ಲದು. ನೆಲ ಬಿಟ್ಟ ಚಕ್ರ ಎರಡಾದರೇನು, ನಾಲ್ಕಾದರೇನು.

ಆಲ್ ವೀಲ್ ಡ್ರೈವ್ ಎಂದು ಮಾರುವ ಕಾರುಗಳ ಮಾತು ಬೇರೆ. ಅವುಗಳಲ್ಲಿ ಶಕ್ತಿಯ ಹಂಚಿಕೆಯನ್ನು ನಡುವಿನ ಕ್ಲಚ್ ಅಥವಾ ಡಿಫರೆನ್ಷಿಯಲ್ ನೋಡಿಕೊಳ್ಳುವುದರಿಂದ ಡಾಂಬರಿನ ಮೇಲೂ ತೊಂದರೆಯಿಲ್ಲ. ಆದರೆ ಎರಡೂ ಬಗೆಯ ವಾಹನಗಳಲ್ಲಿ ನಾಲ್ಕೂ ಟೈರುಗಳು ಒಂದೇ ಅಳತೆಯವಾಗಿ, ಹೆಚ್ಚುಕಡಿಮೆ ಒಂದೇ ಸಮನಾಗಿ ಸವೆದಿರಬೇಕು.

ಕೆಸರು ದಾಟಿ ಡಾಂಬರಿಗೆ ಬಂದೊಡನೆ 2ಎಚ್‌ಗೆ ಮರಳಿ. ಲಿವರ್ ಬಂದರೂ ದೀಪ ಆರದಿದ್ದರೆ ಬಲವಂತ ಮಾಡದೆ, ಹಿಂದೆ ಯಾರೂ ಇಲ್ಲವೆಂದು ನೋಡಿಕೊಂಡು ಕೆಲವು ಮೀಟರ್ ನೇರವಾಗಿ ರಿವರ್ಸ್ ತೆಗೆದುಕೊಳ್ಳಿ. ತಿರುಚು ಸಡಿಲವಾಗಿ ಸಾಮಾನ್ಯವಾಗಿ ಅಷ್ಟರಲ್ಲೇ ಬಿಟ್ಟುಕೊಳ್ಳುತ್ತದೆ.