‘ಸುಮ್ನೆ ಬಂದು ಹೋಗಪ್ಪ’ ಅಂದ್ರೆ ಟೈಮ್ ನೋಡಿಕೊಳ್ಳಿ

ಮಂಡ್ಯದಲ್ಲಿ ವಕೀಲಿಕೆ ಮಾಡುವವರಿಗೆ ನಾಲೆ ನೀರಿನ ಜಗಳ ಹೊಸದಲ್ಲ. ಅಂಥದ್ದೇ ಒಂದು ಗಲಾಟೆ ಆದ ಮಾರನೇ ದಿನ ಹಳ್ಳಿ ಹುಡುಗನೊಬ್ಬನಿಗೆ ಫೋನ್ ಬಂತು. "ಸ್ಟೇಷನ್‌ಗೆ ಸುಮ್ನೆ ಬಂದು ಹೋಗಪ್ಪ." ಬೆಳಿಗ್ಗೆ ಒಂಬತ್ತೂವರೆಗೆ ಹೋದ. ರಾತ್ರಿ ಅವರಪ್ಪ ನನಗೆ ಫೋನ್ ಮಾಡಿದರು: "ಇನ್ನೂ ಬೆಂಚ್ ಮೇಲೇ ಕೂರ್ಸವ್ರೆ ಸಾರ್." ನಾನು ಹೋಗಿ ನೋಡಿದರೆ ಅರೆಸ್ಟ್ ಮೆಮೊದಲ್ಲಿ, ಅಂದರೆ ಬಂಧನದ ವಿವರ ಬರೆಯುವ ಕಾಗದದಲ್ಲಿ, ಇದ್ದ ಸಮಯ ಸಂಜೆ 7.30!

ಹತ್ತು ಗಂಟೆ ಮಾಯ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಬೇಕು. ಪ್ರಯಾಣದ ಹೊತ್ತು ಮಾತ್ರ ಲೆಕ್ಕಕ್ಕಿಲ್ಲ. ಸಂವಿಧಾನದ 22ನೇ ವಿಧಿಯೂ ಬಿಎನ್‌ಎಸ್‌ಎಸ್‌ನ (ಹಳೇ ಸಿಆರ್‌ಪಿಸಿ ಬದಲಿಗೆ ಬಂದ ಕ್ರಿಮಿನಲ್ ಪ್ರಕ್ರಿಯೆ ಕಾನೂನು) 58ನೇ ಸೆಕ್ಷನ್ನೂ ಹೇಳುವುದು ಇದನ್ನೇ. ಎದ್ದು ಮನೆಗೆ ಹೋಗಲು ಬಿಡದ ಕ್ಷಣದಿಂದಲೇ ಲೆಕ್ಕ ಶುರು ಅನ್ನೋದು ನನ್ನ ವಾದ. ಕಾಗದ ಬೇರೆ ಹೇಳುತ್ತಿದ್ದರೆ ವಾದ ಕಷ್ಟ, ಅಲ್ವಾ?

ಹಾಗಾಗಿ ಮೆಮೊ ಓದಿಯೇ ಸಹಿ ಹಾಕಿ. ಅದಕ್ಕೆ ಮನೆಯವರೋ ಊರಿನ ಗೌರವಸ್ಥರೋ ಒಬ್ಬರು ಸಾಕ್ಷಿ ಸಹಿ ಹಾಕಬೇಕು. ಸಮಯ ತಪ್ಪಿದ್ದರೆ ಸಹಿ ಪಕ್ಕದಲ್ಲೇ ನಿಜವಾದ ಸಮಯ ಬರೆಯಿರಿ. ಯಾಕೆ ಬಂಧಿಸಿದರು ಅಂತ ಹೇಳುವುದು, ಮನೆಗೆ ತಿಳಿಸುವುದು ಪೊಲೀಸರ ಕೆಲಸ. ಅದು ಅವರು ಮಾಡುವ ಉಪಕಾರ ಅಲ್ಲ.

ಫೋನ್ ಬಂದಾಗಲೇ ಕೇಳಬೇಕಾದ ಪ್ರಶ್ನೆ ಒಂದಿದೆ: ಸಾಕ್ಷಿಯಾಗಿಯೋ, ಆರೋಪಿಯಾಗಿಯೋ? ಎರಡಕ್ಕೂ ಬರವಣಿಗೆಯಲ್ಲಿ ಕರೆಯಬೇಕು. ಆರೋಪಿಗೆ ಕೊಡುವ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಸಾಲದು ಅಂತ ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿದೆ. ಸಾಕ್ಷಿ ಹೆಂಗಸಾಗಿದ್ದರೆ, 60 ದಾಟಿದವರೋ 15 ತುಂಬದ ಹುಡುಗರೋ ಆಗಿದ್ದರೆ ಪೊಲೀಸರೇ ಮನೆಗೆ ಬಂದು ಕೇಳಬೇಕು. ಇದನ್ನು ಹೇಳಿದಾಗ ಎಷ್ಟೋ ಅಜ್ಜಂದಿರು ನನ್ನನ್ನೇ ಅನುಮಾನದಿಂದ ನೋಡುತ್ತಾರೆ.

ವಿಚಾರಣೆ ವೇಳೆ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ನಿಮ್ಮ ಸಹಿ ಬೇಕಿಲ್ಲ. ಖಾಲಿ ಹಾಳೆಗಂತೂ ಬೇಡವೇ ಬೇಡ. ಬಂಧನವಾಗಿದ್ದರೆ ವಿಚಾರಣೆ ನಡುವೆ ವಕೀಲರನ್ನು ಕಾಣಬಹುದು, ಆದರೆ ಪೂರ್ತಿ ಹೊತ್ತು ಪಕ್ಕದಲ್ಲಿ ಕೂರಿಸಿಕೊಳ್ಳಲು ಆಗದು. ದುಡ್ಡಿಲ್ಲದಿದ್ದರೆ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಕಸ್ಟಡಿಯಲ್ಲಿ ಇರುವವರಿಗೆ ಆದಾಯ ನೋಡದೆ ಪುಕ್ಕಟೆ ವಕೀಲರನ್ನು ಕೊಡುತ್ತಾರೆ.

ಆ ಹುಡುಗನನ್ನು ಮಾರನೇ ದಿನ ಕೋರ್ಟಿಗೆ ತಂದರು. ಸ್ಟೇಷನ್‌ಗೆ ಎಷ್ಟು ಹೊತ್ತಿಗೆ ಹೋದೆ ಅಂತ ಕೇಳಿದರೆ ಅವನಿಗೆ ಬಾಯಿ ಬರಲಿಲ್ಲ. ಅಂಗಿ ಜೇಬಿನಲ್ಲಿ ಹಿಂದಿನ ದಿನದ ಬಸ್ ಟಿಕೆಟ್ ಇತ್ತು, ಮೇಲೆ ಸಮಯ ಅಚ್ಚಾಗಿತ್ತು: 8.50. ಅದೊಂದೇ ಪೂರ್ತಿ ಸಾಕ್ಷಿ ಅಲ್ಲ. ಆದರೆ ಅದನ್ನು ಮುಂದಿಟ್ಟ ಮೇಲೆ, ಹಗಲೆಲ್ಲ ಇವನು ಎಲ್ಲಿದ್ದ ಅಂತ ಮ್ಯಾಜಿಸ್ಟ್ರೇಟ್ ಪೊಲೀಸರನ್ನೇ ಕೇಳಿದರು.