ಟ್ಯಾಂಕಿನ ನೆರಳಿಗೆ ಇನ್ವರ್ಟರ್ ಏನು ಮಾಡೀತು?

"ಇದು ಎಂಪಿಪಿಟಿ ಇನ್ವರ್ಟರ್ ಸಾರ್, ನೆರಳು ಬಿದ್ರೂ ಅದೇ ಅಡ್ಜಸ್ಟ್ ಮಾಡ್ಕೊಳ್ಳುತ್ತೆ." ಮೈಸೂರಿನಲ್ಲಿ ಸೋಲಾರ್ ಪ್ಯಾನೆಲ್ ನೋಡಲು ಯಾರ ತಾರಸಿ ಹತ್ತಿದರೂ ಈ ಮಾತು ತಪ್ಪಿದ್ದಲ್ಲ. ಎಂಪಿಪಿಟಿ ಅಂದರೆ ಪ್ಯಾನೆಲ್‌ನಿಂದ ಆದಷ್ಟು ಜಾಸ್ತಿ ವ್ಯಾಟ್ ಎಳೆಯುವ ಏರ್ಪಾಡು. ಮಾಡಿಕೊಳ್ಳುತ್ತದೆ, ನಿಜ. ಆದರೆ ಎಷ್ಟು?

ಪ್ಯಾನೆಲ್‌ನಿಂದ ಕರೆಂಟ್ ಜಾಸ್ತಿ ಎಳೆದರೆ ವೋಲ್ಟೇಜ್ ಕುಸಿಯುತ್ತದೆ. ಎರಡನ್ನೂ ಗುಣಿಸಿದಾಗ ವ್ಯಾಟ್ ಅತಿ ಹೆಚ್ಚು ಬರುವ ಜಾಗ ಒಂದಿರುತ್ತದೆ. ಬಿಸಿಲು ಬದಲಾದಂತೆ ಅದೂ ಜರುಗುತ್ತದೆ. ಇನ್ವರ್ಟರಿನೊಳಗಿನ ಕನ್ವರ್ಟರ್ ವೋಲ್ಟೇಜನ್ನು ಚೂರು ಏರಿಸಿ, ಚೂರು ಇಳಿಸಿ, ವ್ಯಾಟ್ ಜಾಸ್ತಿ ಸಿಕ್ಕ ಕಡೆಗೆ ಹೆಜ್ಜೆ ಇಡುತ್ತದೆ. ಅದರ ಕೆಲಸ ಅಷ್ಟೇ. ಬಿಸಿಲನ್ನು ಅದು ಹುಟ್ಟಿಸುವುದಿಲ್ಲ.

ಎಂಟು ಪ್ಯಾನೆಲ್ ಸೀರೀಸ್‌ನಲ್ಲಿದ್ದರೆ, ಅಂದರೆ ಒಂದರ ಹಿಂದೊಂದು ಜೋಡಿಸಿದ್ದರೆ, ಎಲ್ಲದರಲ್ಲೂ ಹರಿಯುವುದು ಒಂದೇ ಕರೆಂಟ್. ಒಂದರ ಮೇಲೆ ನೆರಳು ಬಿತ್ತು ಅನ್ನಿ. ಪ್ಯಾನೆಲ್‌ನಲ್ಲಿರುವ ಬೈಪಾಸ್ ಡಯೋಡ್ ಎಂಬ ಅಡ್ಡದಾರಿ ನೆರಳಿನ ಭಾಗವನ್ನು ಬಿಟ್ಟು ಕರೆಂಟ್ ಹಾಯಿಸಬೇಕು, ಇಲ್ಲವೇ ಎಂಟೂ ಆ ಕಡಿಮೆ ಕರೆಂಟಿಗೆ ಇಳಿಯಬೇಕು. ವ್ಯಾಟ್ ಅತಿ ಹೆಚ್ಚು ಬರುವ ಆ ಜಾಗವನ್ನು ದಿಬ್ಬದ ತುದಿ ಅಂದುಕೊಳ್ಳಿ. ಈಗ ದಿಬ್ಬ ಒಂದಲ್ಲ, ಎರಡು. ಗಿಡ್ಡ ದಿಬ್ಬದ ಮೇಲೆ ನಿಂತ ಕನ್ವರ್ಟರಿಗೆ ಎರಡೂ ಕಡೆ ಇಳಿಜಾರೇ ಕಾಣುತ್ತದೆ. ಇದೇ ತುದಿ ಅಂದುಕೊಂಡು ಕೂತುಬಿಡುತ್ತದೆ! ಮೂರು ಡಯೋಡ್ ಇರುವ ಪ್ಯಾನೆಲ್‌ನ ಒಂದು ಭಾಗಕ್ಕೆ ಮಾತ್ರ ನೆರಳಿದ್ದರೆ, ಎತ್ತರದ ದಿಬ್ಬದಲ್ಲಿ ನಷ್ಟ ಸುಮಾರು 24ರಲ್ಲಿ (ಎಂಟು ಪ್ಯಾನೆಲ್, ತಲಾ ಮೂರು ಭಾಗ) 1 ಪಾಲು. ಗಿಡ್ಡದರಲ್ಲಿ ಕೂತರೆ, ನೆರಳು ದಟ್ಟವಾಗಿದ್ದರೆ, ಅರ್ಧಕ್ಕಿಂತ ಜಾಸ್ತಿ ಹೋಗಬಹುದು.

ಕೆಲವು ಇನ್ವರ್ಟರ್‌ಗಳಲ್ಲಿ ಆಗಾಗ ಇಡೀ ವೋಲ್ಟೇಜ್ ಹರವನ್ನು ಹುಡುಕುವ ಸೆಟ್ಟಿಂಗ್ ಇರುತ್ತದೆ. ಎಷ್ಟೋ ಕಡೆ ಅದು ಆಫ್. ಹಾಕಿಕೊಟ್ಟವರನ್ನೇ ಕೇಳಿ. ನೀವೇ ಕನೆಕ್ಟರ್ ಕೀಳಲು ಹೋಗಬೇಡಿ. ಎಂಟು ದೊಡ್ಡ ಪ್ಯಾನೆಲ್ ಅಂದರೆ 300 ವೋಲ್ಟ್ ದಾಟಿದ ಡಿಸಿ. ಮೇನ್ ಸ್ವಿಚ್ ಆಫ್ ಮಾಡಿದರೂ ಬಿಸಿಲಿರುವವರೆಗೆ ಅದು ಜೀವಂತ.

ನಿವೃತ್ತ ಮೇಷ್ಟ್ರೊಬ್ಬರು ಮೇ ತಿಂಗಳಲ್ಲಿ ಜಾಗ ನೋಡಿ ಪ್ಯಾನೆಲ್ ಹಾಕಿಸಿದ್ದರು. ಆಗ ನಮ್ಮಲ್ಲಿ ನಡುಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ, ಆ ಜಾಗದಲ್ಲಿ ಬಿಸಿಲೋ ಬಿಸಿಲು. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿದ. ವಾಸ್ತು ಪ್ರಕಾರ ನೈರುತ್ಯದಲ್ಲಿದ್ದ ಟ್ಯಾಂಕಿನ ನೆರಳು ಮೂರು ಗಂಟೆಗೆಲ್ಲ ಎರಡು ಪ್ಯಾನೆಲ್ ಮೇಲೆ. "ಟ್ಯಾಂಕ್ ಕದಲಿಸೋಕೆ ನಮ್ಮನೆಯವರು ಒಪ್ಪಲ್ಲ" ಅಂದರು. ಒಪ್ಪಿಸುವುದು ನನ್ನ ಕೆಲಸವೂ ಅಲ್ಲ, ಅಲ್ವಾ? ಆ ಎರಡನ್ನೇ ಬೇರೆ ಮಾಡೋಣವೆಂದರೆ ಇನ್ವರ್ಟರಿಗೆ ವೋಲ್ಟೇಜ್ ಸಾಲದು. ಕೊನೆಗೆ ನೆರಳಿನ ಕಡೆಯ ನಾಲ್ಕು ಒಂದು ಸಾಲು, ಉಳಿದ ನಾಲ್ಕು ಇನ್ನೊಂದು ಸಾಲು ಮಾಡಿ, ಒಂದರ ನೆರಳು ಇನ್ನೊಂದನ್ನು ಎಳೆಯದಂತೆ ಇನ್ವರ್ಟರಿನ ಎರಡು ಎಂಪಿಪಿಟಿ ಇನ್‌ಪುಟ್‌ಗೆ ಬೇರೆ ಬೇರೆ ಕೊಟ್ಟೆವು. ಎರಡನೇ ಇನ್‌ಪುಟ್ ಅಲ್ಲಿಯವರೆಗೆ ಸುಮ್ನೆ ಖಾಲಿ ಬಿದ್ದಿತ್ತು. ನಿಮ್ಮ ಮನೆಯದೂ ಹಾಗೇ ಇದೆಯಾ ಅಂತ ಮುಂದಿನ ಸಲ ಸರ್ವೀಸಿಗೆ ಬಂದವರ ಹತ್ತಿರ ವಿಚಾರಿಸಿ.