ಕರಾರಿನ ಮೊತ್ತ, ಖಾತರಿಯ ಮೊತ್ತ

ಅಮೆರಿಕದ ಎನ್‌ಎಫ್‌ಎಲ್ ಫುಟ್‌ಬಾಲ್ ಲೀಗಿನ 32 ತಂಡಗಳಲ್ಲಿ ಯಾವುದಕ್ಕೆ ಸೇರಿದರೂ ಆಟಗಾರ ಸಹಿ ಹಾಕುವ ಕರಾರಿನ ಮೂಲ ನಮೂನೆ ಒಂದೇ. ಬೆಂಗಳೂರಿನಲ್ಲಿ ನೌಕರಿ ಕರಾರುಗಳನ್ನು ಬರೆಯುವುದು, ತಿದ್ದುವುದೇ ನನ್ನ ವೃತ್ತಿಯಾದರೂ ಆ ನಮೂನೆಯ 11ನೇ ಕಂಡಿಕೆಯನ್ನು ನಾನು ಎರಡು ಸಲ ಓದಬೇಕಾಯಿತು. ಅದೇ ಜಾಗಕ್ಕೆ ಪೈಪೋಟಿ ನಡೆಸುತ್ತಿರುವ ಇತರರಿಗೆ ಹೋಲಿಸಿದರೆ ಈ ಆಟಗಾರನ ಕೌಶಲ ಅಥವಾ ಆಟ ಸಾಲದು ಎಂದು ತಂಡಕ್ಕೆ ಅನ್ನಿಸಿದರೆ, ಆ ತೀರ್ಮಾನ ತಂಡದ್ದು ಮಾತ್ರವೇ ಆಗಿದ್ದರೂ, ಕರಾರನ್ನು ಯಾವಾಗ ಬೇಕಾದರೂ ಮುಗಿಸಬಹುದು ಎಂಬುದು ಅದರ ಸಾರಾಂಶ. ನಮ್ಮಲ್ಲಿ ನೋಟಿಸ್ ಅವಧಿ ಸಾಮಾನ್ಯವಾಗಿ ಎರಡೂ ಕಡೆಗೆ ಇರುತ್ತದೆ. ಇಲ್ಲಿ ಆಟಗಾರನಿಗೆ ಅಂಥ ಬಾಗಿಲೇ ಇಲ್ಲ. ಸಂಬಳ ಸಾಲದೆಂದು ಅವನಿಗೆ ಅನ್ನಿಸಿದರೆ ಕರಾರಿನ ವರ್ಷಗಳು ಮುಗಿಯುವವರೆಗೆ ಕಾಯಬೇಕು, ಇಲ್ಲವೇ ಋತುವಿಗೆ ಮುಂಚಿನ ಅಭ್ಯಾಸ ಶಿಬಿರಕ್ಕೆ ಹೋಗದೆ ಮನೆಯಲ್ಲಿ ಕೂರಬೇಕು. ಹೀಗೆ ಕೂರುವುದನ್ನೇ ಅಲ್ಲಿ ಹೋಲ್ಡ್‌ಔಟ್ ಎನ್ನುತ್ತಾರೆ.

‘ಐದು ವರ್ಷಕ್ಕೆ ಸಹಿ ಹಾಕಿ, ಮೂರನೆಯ ವರ್ಷಕ್ಕೇ ಹೆಚ್ಚು ಕೊಡಿ ಎಂದು ಹಠ ಹಿಡಿಯುವುದು ಮಾತಿಗೆ ತಪ್ಪಿದಂತೆ ಅಲ್ಲವೇ’ ಎಂದು ಅಲ್ಲಿ ನೆಲೆಸಿರುವ ನಮ್ಮವರೇ ನನ್ನನ್ನು ಕೇಳಿದ್ದಾರೆ. ಎರಡೂ ಕಡೆಯವರು ಐದು ವರ್ಷಕ್ಕೆ ಮಾತು ಕೊಟ್ಟಿದ್ದರೆ ಆ ಆಕ್ಷೇಪ ಸರಿ. ಆದರೆ ಖಾತರಿಯಿಲ್ಲದ ವರ್ಷಗಳ ಮಟ್ಟಿಗೆ ಮಾತು ಕೊಟ್ಟವನು ಆಟಗಾರ ಒಬ್ಬನೇ; ತಂಡ ತನ್ನ ಕೈಯಲ್ಲಿ ಇಟ್ಟುಕೊಂಡಿರುವುದು ಆಯ್ಕೆಯನ್ನು.

ಆದ್ದರಿಂದ ಇಂಥ ಕರಾರನ್ನು ಓದುವ ಕ್ರಮವೇ ಬೇರೆ. ನಮ್ಮ ಸಾಫ್ಟ್‌ವೇರ್ ಉದ್ಯೋಗಿಗಳು ಆಫರ್ ಲೆಟರಿನ ಸಿಟಿಸಿ ನೋಡಿ ಹಿಗ್ಗಿ, ಮೊದಲ ತಿಂಗಳ ಸಂಬಳ ಕೈಗೆ ಬಂದಾಗ ಕುಗ್ಗುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಪತ್ರಿಕೆಗಳ ತಲೆಬರಹದಲ್ಲಿ ಬರುವ ಮೊತ್ತ ಸಿಟಿಸಿಯಂತೆ. ನೋಡಬೇಕಾದದ್ದು ಖಾತರಿಯ ಮೊತ್ತವನ್ನು. ಆ ಖಾತರಿಯಲ್ಲೂ ಬಗೆಗಳಿವೆ. ಗಾಯದಿಂದ ಆಡಲಾಗದಿದ್ದರೆ, ಕೌಶಲ ಕುಂದಿತೆಂದು ಕೈಬಿಟ್ಟರೆ, ಲೀಗಿನ ಸಂಬಳ ಮಿತಿಯೊಳಗೆ ಜಾಗ ಮಾಡಿಕೊಳ್ಳಲು ಕೈಬಿಟ್ಟರೆ, ಈ ಮೂರೂ ಸಂದರ್ಭಗಳಲ್ಲಿ ಹಣ ಬರುವುದಾದರೆ ಮಾತ್ರ ಅದು ಪೂರ್ಣ ಖಾತರಿ. ಗಾಯಕ್ಕೆ ಮಾತ್ರ ಅನ್ವಯಿಸುವ ಖಾತರಿಯನ್ನೂ ಇದರೊಡನೆ ಕೂಡಿಸಿ ದೊಡ್ಡ ಅಂಕಿಯೊಂದನ್ನು ಸುದ್ದಿಗಾರರಿಗೆ ಕೊಡುವ ಅಭ್ಯಾಸ ಏಜೆಂಟರಿಗಿದೆ. ಖಾತರಿಯೇ ಇಲ್ಲದವನು ಆಡುತ್ತ ಗಾಯಗೊಂಡರೆ ಆ ಋತುವಿನ ಸಂಬಳವೇನೋ ಸಿಗುತ್ತದೆ. ಮುಂದಿನ ಋತುವಿಗೆ, ಆಟಗಾರರ ಸಂಘ ಲೀಗಿನೊಂದಿಗೆ ಮಾಡಿಕೊಂಡ ಸಾಮೂಹಿಕ ಒಪ್ಪಂದ ಕೊಡುವ ರಕ್ಷಣೆಗೆ ಮಿತಿಯಿದೆ. ಮೊಣಕಾಲಿನ ಒಂದು ಸ್ನಾಯುಬಂಧ ಹರಿದರೆ ವೃತ್ತಿಯೇ ಮುಗಿಯಬಹುದಾದ ಆಟ ಇದು.

ಎಲ್ಲ ಹೋಲ್ಡ್‌ಔಟ್‌ಗಳೂ ಕಾನೂನಿನ ಕಣ್ಣಿಗೆ ಒಂದೇ ಅಲ್ಲ. 2018ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡದ ಲೆವಿಯಾನ್ ಬೆಲ್ ಇಡೀ ಋತುವನ್ನೇ ಬಿಟ್ಟು ಕುಳಿತಾಗ ಅವನು ಯಾವ ಕರಾರನ್ನೂ ಮುರಿದಿರಲಿಲ್ಲ, ಏಕೆಂದರೆ ಮುರಿಯಲು ಕರಾರೇ ಇರಲಿಲ್ಲ. ಅವಧಿ ಮುಗಿದ ಆಟಗಾರನೊಬ್ಬನನ್ನು ಒಂದು ವರ್ಷದ ನಿಗದಿತ ಸಂಬಳಕ್ಕೆ ತನ್ನಲ್ಲೇ ಕಟ್ಟಿಹಾಕಲು ತಂಡಕ್ಕೆ ಅವಕಾಶ ಕೊಡುವ ಫ್ರಾಂಚೈಸ್ ಟ್ಯಾಗ್ ಎಂಬ ನಿಯಮವಿದೆ. ಬೆಲ್ ಆ ಕಾಗದಕ್ಕೆ ಸಹಿಯನ್ನೇ ಹಾಕಲಿಲ್ಲ. ಸುಮಾರು 1.45 ಕೋಟಿ ಡಾಲರ್ ಬಿಟ್ಟ. ಮರುವರ್ಷ ನ್ಯೂಯಾರ್ಕ್ ಜೆಟ್ಸ್ ಜೊತೆ ನಾಲ್ಕು ವರ್ಷಕ್ಕೆ 5.25 ಕೋಟಿ ಡಾಲರಿನ ಕರಾರು ಸಿಕ್ಕಿತಾದರೂ ಆಟದಲ್ಲಿ ಹಳೆಯ ಬೆಲ್ ಮರಳಲಿಲ್ಲ. ಕರಾರಿನ ನಡುವೆ ಕುಳಿತವನೆಂದರೆ 2023ರಲ್ಲಿ ಕಾನ್ಸಾಸ್ ಸಿಟಿ ಚೀಫ್ಸ್ ತಂಡದ ಕ್ರಿಸ್ ಜೋನ್ಸ್. ಋತುವಿನ ಮೊದಲ ಪಂದ್ಯದಲ್ಲಿ ತನ್ನ ತಂಡ ಡೆಟ್ರಾಯಿಟ್ ಎದುರು 20–21ರಲ್ಲಿ ಸೋಲುವುದನ್ನು ಅವನು ಅದೇ ಕ್ರೀಡಾಂಗಣದ ಗ್ಯಾಲರಿಯಲ್ಲಿ ಕುಳಿತು ನೋಡಿದ. ಆ ಒಂದು ಪಂದ್ಯಕ್ಕೆ ಕಳೆದುಕೊಂಡದ್ದು ಹತ್ತು ಲಕ್ಷ ಡಾಲರಿಗೂ ಹೆಚ್ಚು. ಕೆಲವೇ ದಿನಗಳಲ್ಲಿ ಕರಾರು ತಿದ್ದುಪಡಿಯಾಯಿತು. ಮರುವರ್ಷ ಐದು ವರ್ಷಗಳಿಗೆ 15.875 ಕೋಟಿ ಡಾಲರಿನ ಹೊಸ ಕರಾರು ಬಂತು.

ಜೋನ್ಸ್ ತೆತ್ತ ಬೆಲೆ ಅಷ್ಟೇ ಅಲ್ಲ. ಮೊದಲೆಲ್ಲ ಹೋಲ್ಡ್‌ಔಟ್ ಮುಗಿದು ಕೈಕುಲುಕುವಾಗ ತಂಡದವರು ದಂಡವನ್ನು ಮನ್ನಾ ಮಾಡುವುದು ವಾಡಿಕೆಯಾಗಿತ್ತು. 2020ರ ಸಾಮೂಹಿಕ ಒಪ್ಪಂದ ಆ ದಾರಿಯನ್ನು ಮುಚ್ಚಿತು. ಮೊದಲ ಕರಾರಿನ ಹಂತ ದಾಟಿದ ಆಟಗಾರ ಶಿಬಿರ ತಪ್ಪಿಸಿದರೆ ದಿನಕ್ಕೆ 50,000 ಡಾಲರ್ ದಂಡ, ಅದನ್ನು ಮನ್ನಾ ಮಾಡಲು ತಂಡಕ್ಕೂ ಅಧಿಕಾರವಿಲ್ಲ. ಸಂಘ ಇದಕ್ಕೆ ಒಪ್ಪಿದ್ದು ಇಂದಿಗೂ ನನಗೆ ಸೋಜಿಗ. ಎರಡು ಪಕ್ಷಗಳು ರಾಜಿಯಾದ ಮೇಲೂ ಅವರನ್ನು ಕ್ಷಮಿಸಗೊಡದ ಷರತ್ತನ್ನು ನನ್ನ ಕಕ್ಷಿದಾರರಲ್ಲಿ ಯಾರಾದರೂ ಕೇಳಿದ್ದರೆ ನಾನು ಬರೆದುಕೊಡಲು ಹಿಂಜರಿಯುತ್ತಿದ್ದೆ. ಅದರ ಫಲವಾಗಿ ಹುಟ್ಟಿದ್ದು ‘ಹೋಲ್ಡ್‌ಇನ್’: ಶಿಬಿರಕ್ಕೆ ಬಂದು ಹಾಜರಿ ಹಾಕಿ, ಅಭ್ಯಾಸಕ್ಕೆ ಮಾತ್ರ ಇಳಿಯದಿರುವುದು. 2021ರಲ್ಲಿ ಸ್ಟೀಲರ್ಸ್ ತಂಡದ ಟಿ.ಜೆ. ವಾಟ್ ಹೀಗೆ ಮಾಡಿ 11.2 ಕೋಟಿ ಡಾಲರಿನ ಕರಾರಿನಲ್ಲಿ 8 ಕೋಟಿಗೆ ಖಾತರಿ ಪಡೆದ. 2025ರಲ್ಲಿ ಬೆನ್ನು ನೋವಿನ ಕಾರಣ ಕೊಟ್ಟು ಡಲ್ಲಾಸ್ ಶಿಬಿರದ ಬದಿಯಲ್ಲೇ ಉಳಿದಿದ್ದ ಮೈಕಾ ಪಾರ್ಸನ್ಸ್‌ನನ್ನು ತಂಡ ಆಗಸ್ಟ್ ಕೊನೆಯಲ್ಲಿ ಗ್ರೀನ್ ಬೇ ತಂಡಕ್ಕೆ ಕೊಟ್ಟುಬಿಟ್ಟಿತು; ಅಲ್ಲಿ ನಾಲ್ಕು ವರ್ಷಕ್ಕೆ 18.8 ಕೋಟಿ, ಸಹಿ ಹಾಕುವಾಗಲೇ ಪೂರ್ಣ ಖಾತರಿ 12 ಕೋಟಿ.

ಇನ್ನು ನ್ಯಾಯದ ಪ್ರಶ್ನೆ. ಬೇಸ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್‌ಗಳಲ್ಲಿ ಪೂರ್ಣ ಖಾತರಿಯೇ ರೂಢಿ. ಎನ್‌ಎಫ್‌ಎಲ್‌ನಲ್ಲಿ 2018ರಲ್ಲಿ ಕರ್ಕ್ ಕಸಿನ್ಸ್ ಮೂರು ವರ್ಷಕ್ಕೆ 8.4 ಕೋಟಿ, 2022ರಲ್ಲಿ ಡೆಶಾನ್ ವಾಟ್ಸನ್ ಐದು ವರ್ಷಕ್ಕೆ 23 ಕೋಟಿ ಡಾಲರನ್ನು ಪೂರ್ಣ ಖಾತರಿಯೊಂದಿಗೆ ಪಡೆದರು. ಮುಂದಿನ ವರ್ಷ ಲಮಾರ್ ಜ್ಯಾಕ್ಸನ್‌ಗೆ ಮೊತ್ತ 26 ಕೋಟಿಗೆ ಏರಿತು, ಖಾತರಿ 18.5 ಕೋಟಿಯಲ್ಲೇ ನಿಂತಿತು. ಮಾಲೀಕರು ಒಳಗೊಳಗೇ ಮಾತಾಡಿಕೊಂಡರೆಂದು ಸಂಘ ದೂರಿತು. ತಂಡಗಳು ಕೂಡಿ ಸಂಚು ನಡೆಸಿದ್ದಕ್ಕೆ ಸಾಕಷ್ಟು ಸಾಕ್ಷ್ಯವಿಲ್ಲವೆಂದು ಮಧ್ಯಸ್ಥಗಾರರು ತೀರ್ಪಿತ್ತರು. ಆದರೆ ಖಾತರಿಗಳನ್ನು ತಗ್ಗಿಸುವಂತೆ ಲೀಗಿನ ಆಡಳಿತ ಮಾಲೀಕರನ್ನು ಉತ್ತೇಜಿಸಿತ್ತೆಂದೂ ಅದೇ ತೀರ್ಪಿನಲ್ಲಿ ಬರೆದರು. 2025ರ ಜೂನ್‌ನಲ್ಲಿ ಅದು ಬಹಿರಂಗವಾಯಿತು.

ಇಲ್ಲಿ ಆಟಗಾರರ ಪರ ವಾದಿಸುವವರು ಸಾಮಾನ್ಯವಾಗಿ ದಾಟಿ ಹೋಗುವ ಸಂಗತಿಯೊಂದಿದೆ. ಲೀಗಿನ ಆದಾಯದಲ್ಲಿ ಆಟಗಾರರ ಪಾಲು ಸುಮಾರು ಶೇ. 48 ಎಂದು ಒಪ್ಪಂದವೇ ಗೊತ್ತುಮಾಡಿದೆ. ಪ್ರತಿ ತಂಡಕ್ಕೂ ಸಂಬಳದ ಮೇಲ್ಮಿತಿಯಿದೆ, 2024ರಲ್ಲಿ ಅದು 25.54 ಕೋಟಿ ಡಾಲರ್. ಹಾಗಾಗಿ ಆಟ ಕೈಕೊಟ್ಟ ತಾರೆಗೆ ಸಲ್ಲುವ ಖಾತರಿಯ ಹಣ ಬಹುಪಾಲು ಮಾಲೀಕನ ಜೇಬಿನಿಂದಲ್ಲ, ಅದೇ ಮಿತಿಯೊಳಗೆ ಬದುಕಬೇಕಾದ ಉಳಿದ ಐವತ್ತು ಚಿಲ್ಲರೆ ಆಟಗಾರರ ಪಾಲಿನಿಂದ ಹೋಗುತ್ತದೆ. ಅದರ ಇನ್ನೊಂದು ಮುಖವೆಂದರೆ, ಮಾಲೀಕರು ಖಾತರಿಯನ್ನು ಇಷ್ಟು ಪಟ್ಟಾಗಿ ವಿರೋಧಿಸುವುದು ಹಣ ಉಳಿಸುವುದಕ್ಕಿಂತ ಹೆಚ್ಚಾಗಿ ಹಿಡಿತ ಉಳಿಸಿಕೊಳ್ಳುವುದಕ್ಕೆ. ಕೌಶಲ ಕುಂದಿದಾಗಿನ ನಷ್ಟವನ್ನು ಎರಡೂ ಕಡೆಯವರು ಚೌಕಾಸಿ ಮಾಡಿ ಹಂಚಿಕೊಳ್ಳಲಿ, ಅದು ವ್ಯಾಪಾರ. ತಂಡಕ್ಕಾಗಿ ಆಡುತ್ತ ಆದ ಗಾಯದ ನಷ್ಟವನ್ನು ಗಾಯಾಳುವಿನ ಮೇಲೆ ಹೊರಿಸುವುದು ವ್ಯಾಪಾರವಲ್ಲ. ಕಾರ್ಖಾನೆಯಲ್ಲಿ ಬೆರಳು ಕಳೆದುಕೊಂಡವನಿಗೆ ಪರಿಹಾರ ಕೊಡಿಸುವ ಕಾನೂನಿನ ಹಿಂದಿರುವ ತರ್ಕ ಇಲ್ಲಿಗೂ ಸಲ್ಲಬೇಕು.

ಮಾಲೀಕರು ಮುಂದಿಡುವ ಮತ್ತೊಂದು ಕಾರಣ ಹಳೆಯದು. ಮುಂದಿನ ವರ್ಷಗಳಿಗೆ ಖಾತರಿ ಕೊಟ್ಟ ಹಣದಲ್ಲಿ ಒಂದು ಮಿತಿ ಮೀರಿದ ಭಾಗವನ್ನು ತಂಡ ಈಗಲೇ ಪ್ರತ್ಯೇಕ ಖಾತೆಯಲ್ಲಿ ತೆಗೆದಿಡಬೇಕು. ತಂಡಗಳು ದಿವಾಳಿಯಾಗಬಹುದೆಂಬ ಭಯವಿದ್ದ ಕಾಲದ ನಿಯಮ ಅದು. ಆ ಭಯ ಎಲ್ಲೆಡೆಯೂ ಸುಳ್ಳಲ್ಲ: 2025ರ ಆಗಸ್ಟ್‌ನಲ್ಲಿ ನಮ್ಮ ದೇಶದ ಫುಟ್‌ಬಾಲ್ ಲೀಗ್ ಐಎಸ್‌ಎಲ್ ನಡೆಯುವುದೇ ಅನುಮಾನವಾದಾಗ ನಮ್ಮ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನೇ ತಡೆಹಿಡಿದಿತ್ತು. ಹಣ ತೆಗೆದಿಡುವ ನಿಯಮ ಬೇಕಾದದ್ದು ಅಂಥಲ್ಲಿ. 11 ವರ್ಷಗಳ ಪ್ರಸಾರ ಹಕ್ಕುಗಳಿಂದಲೇ 10,000 ಕೋಟಿ ಡಾಲರಿಗೂ ಹೆಚ್ಚು ಬರುವ ಎನ್‌ಎಫ್‌ಎಲ್‌ನಲ್ಲಿ ಅದು ಆಟಗಾರನಿಗೆ ರಕ್ಷಣೆಯಾಗಿ ಉಳಿದಿಲ್ಲ, ಖಾತರಿ ಕೊಡದಿರಲು ನೆಪವಾಗಿದೆ.

2025ರ ಬೇಸಿಗೆಯಲ್ಲಿ ಈ ಗೋಡೆಯನ್ನು ಸ್ವಲ್ಪ ಸರಿಸಿದವರು ತಾರೆಯರಲ್ಲ. ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟಿನ ಎರಡನೆಯ ಸುತ್ತಿನಲ್ಲಿ ಆಯ್ಕೆಯಾದ ಜೇಡನ್ ಹಿಗಿನ್ಸ್‌ಗೆ ಹ್ಯೂಸ್ಟನ್ ತಂಡ ನಾಲ್ಕೂ ವರ್ಷಗಳ ಸಂಬಳಕ್ಕೆ ಪೂರ್ಣ ಖಾತರಿ ಕೊಟ್ಟಿತು. ಆ ಸುತ್ತಿನವರಿಗೆ ಅದುವರೆಗೆ ಅಂಥದ್ದು ಸಿಕ್ಕಿರಲಿಲ್ಲ. ಅವನಿಗಿಂತ ಒಂದು ಸ್ಥಾನ ಮೇಲಿದ್ದ ಕಾರ್ಸನ್ ಶ್ವೆಸಿಂಗರ್‌ಗೆ ಕ್ಲೀವ್‌ಲ್ಯಾಂಡ್ ಇಲ್ಲವೆನ್ನಲಾಗಲಿಲ್ಲ. ಆಮೇಲೆ ಆ ಸುತ್ತಿನ ಉಳಿದ 30 ಹುಡುಗರು ಜುಲೈ ನಡುಭಾಗದವರೆಗೂ ಸಹಿ ಹಾಕದೆ ಕಾದರು. ಸಹಿಯೇ ಇಲ್ಲದ್ದರಿಂದ ಮುರಿಯಲು ಅವರ ಕೈಯಲ್ಲೂ ಕರಾರಿರಲಿಲ್ಲ, ಬೆಲ್‌ನಂತೆ. 40ನೆಯವನಾಗಿ ಆಯ್ಕೆಯಾಗಿದ್ದ ನ್ಯೂ ಆರ್ಲಿಯನ್ಸ್‌ನ ಟೈಲರ್ ಶಕ್ ಕೂಡ ಕೊನೆಗೆ ಪೂರ್ಣ ಖಾತರಿ ಪಡೆದ. ದಿನಕ್ಕೆ 50,000 ಡಾಲರಿನ ದಂಡವೂ ಹಣ ತೆಗೆದಿಡುವ ನಿಯಮವೂ ಇರುವ ಸಾಮೂಹಿಕ ಒಪ್ಪಂದಕ್ಕೆ ಮಾತ್ರ 2030ರ ಋತುವಿನವರೆಗೆ ಆಯುಸ್ಸಿದೆ.